ಕೆಲಸ ಕೊಟ್ಟು ಕೀಲಿಕೈ ಇಟ್ಟುಕೊಂಡರೆ ಹೇಗೆ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಸಿಂಧನೂರು ಕಡೆಯ ಅಂಗಡಿಯವರೊಬ್ಬರು ಬರೆದಿದ್ದರು. ಈಗಿನ ಹುಡುಗರಿಗೆ ಜವಾಬ್ದಾರಿ ಅನ್ನೋದೇ ಇಲ್ಲ, ಒಂದು ಕೆಲಸ ಹೇಳಿದರೆ ಹತ್ತು ಸಲ ಬಂದು ಕೇಳುತ್ತಾರೆ, ನಾವೇ ಎದುರಿಗೆ ನಿಂತು ಮಾಡಿಸದಿದ್ದರೆ ಒಂದೂ ಆಗಲ್ಲ ಅಂತ. ಅಂಗಡಿ ಜೊತೆ ಎಂಟೆಕರೆ ನೆಲ್ಲೂ ಇದೆಯಂತೆ, ಎರಡೂ ಕಡೆ ಓಡಾಡಿ ಸಾಕಾಗಿದೆಯಂತೆ. ಓದಿ ನನಗೆ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ, ನಗು ಬಂದಿದ್ದು ನನ್ನ ಮೇಲೇ. ಯಾಕಂದರೆ ಇದೇ ಮಾತನ್ನು, ಹೆಚ್ಚುಕಮ್ಮಿ ಇದೇ ಸಿಟ್ಟಿನಲ್ಲಿ, ನಾನು ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ.

ನಮ್ಮದು ಗಂಗಾವತಿಯಲ್ಲಿ ಒಂದು ಸಣ್ಣ ರೈಸ್ ಮಿಲ್. ಅಪ್ಪ ಹಾಕಿದ್ದು. ಮನೆ ಊರೊಳಗೆ, ಮಿಲ್ಲು ಕಾರಟಗಿ ರಸ್ತೆಯಲ್ಲಿ, ಮಧ್ಯೆ ಆರು ಕಿಲೋಮೀಟರ್. ಮಿಲ್ಲಿನಲ್ಲಿ ಸ್ಟೋರ್ ರೂಮ್ ಅಂತ ಒಂದಿದೆ. ಬೆಲ್ಟು, ಬೇರಿಂಗು, ಹೊಟ್ಟು ಬಿಡಿಸುವ ರಬ್ಬರ್ ರೋಲು ಎಲ್ಲ ಅದರೊಳಗೆ. ಅದರ ಕೀಲಿಕೈ ಅಪ್ಪನ ಕಾಲದಿಂದಲೂ ಸಾವ್ಕಾರರ ಹತ್ತಿರವೇ. ಅಪ್ಪ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ನಾನು ಬೈಕಿನ ಕೀಲಿ ಜೊತೆ ಹಾಕಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ.

ಒಂದು ಸಲ ಸುಗ್ಗಿಯಲ್ಲಿ ರಾತ್ರಿ ಪಾಳಿ ನಡೀತಿತ್ತು. ಎರಡು ಗಂಟೆ ಹೊತ್ತಿಗೆ ನೆಲ್ಲು ಮೇಲಕ್ಕೆತ್ತುವ ಎಲಿವೇಟರ್ ಬೆಲ್ಟ್ ಹರಿಯಿತು. ಬೆಲ್ಟು ಸ್ಟೋರಿನಲ್ಲೇ ಇದೆ. ಫಿಟ್ಟರ್‌ಗೆ ಹಾಕಲು ಬರುತ್ತದೆ, ಹತ್ತು ವರ್ಷದಿಂದ ಅವನೇ ಹಾಕೋದು. ಆದರೆ ಬಾಗಿಲಿಗೆ ಬೀಗ. ಪಾಪ, ಆ ಮನುಷ್ಯ ಚಳಿಯಲ್ಲಿ ಬೈಕ್ ಹೊಡೆದುಕೊಂಡು ಆರು ಕಿಲೋಮೀಟರ್ ಬಂದು ಕದ ಬಡಿದ. ನಾನು ಅರೆನಿದ್ದೆಯಲ್ಲಿ ಎದ್ದು, ಗೊಣಗಿ, ಕೀಲಿ ಕೊಟ್ಟು ಮತ್ತೆ ಮಲಗಿದೆ. ಅವನು ವಾಪಸ್ ಹೋಗಿ ಬೆಲ್ಟ್ ಹಾಕಿ ಮಿಲ್ಲು ಶುರು ಮಾಡುವಷ್ಟರಲ್ಲಿ ಎರಡು ಗಂಟೆ ಹೋಯಿತು. ಬೆಳಿಗ್ಗೆ ಎದ್ದು ಯಥಾಪ್ರಕಾರ ಬೈದೆ, ರಾತ್ರಿಯೆಲ್ಲ ಏನು ಮಾಡಿದ್ರಿ ಅಂತ.

ಆಮೇಲೆ ಹಲ್ಲುಜ್ಜುವಾಗ ಒಂದು ಮಾತು ಹೊಳೆಯಿತು ನೋಡಿ. ರಾತ್ರಿ ಕೀಲಿ ಕೊಟ್ಟೆನಲ್ಲ, ಅವನಿಗೆ ಒಂದಾದರೂ ಪ್ರಶ್ನೆ ಕೇಳಿದೆನಾ? ಯಾವ ಬೆಲ್ಟು, ಎಷ್ಟುದ್ದ, ಯಾಕೆ ಹರಿಯಿತು, ಏನೂ ಕೇಳಿರಲಿಲ್ಲ. ಕಣ್ಣೂ ಪೂರ್ತಿ ಬಿಟ್ಟಿರಲಿಲ್ಲ. ಏನೂ ಕೇಳದೆ ಕೊಡೋದಾದರೆ ಆ ಕೀಲಿ ನನ್ನ ಹತ್ತಿರ ಯಾಕಿತ್ತು?

ನಮ್ಮಲ್ಲಿ ಗಾದೆಯೇ ಇದೆಯಲ್ಲ, ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಅಪ್ಪನ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿತ್ತು. ಗಾದೆ ಸುಳ್ಳಾದರೂ ವೇದ ಸುಳ್ಳಾಗದು ಅಂತ ತಿರುಗಿಸಿ ಹೇಳುವ ಧೈರ್ಯ ನನಗಿಲ್ಲ. ಆದರೆ ಈ ಗಾದೆ ಎರಡೆಕರೆ ಹೊಲಕ್ಕೆ ಸರಿ. ಮೂವತ್ತು ಜನ ಎರಡು ಪಾಳಿಯಲ್ಲಿ ದುಡಿಯುವ ಜಾಗದಲ್ಲಿ ಎಲ್ಲವನ್ನೂ ತಾನೇ ಮಾಡುತ್ತೇನೆ ಅಂತ ಹೊರಟವನು ಯಾವುದನ್ನೂ ಉತ್ತಮವಾಗಿ ಮಾಡುವುದಿಲ್ಲ. ಅದೂ ಅಲ್ಲದೆ ಈ ಗಾದೆಯಲ್ಲಿ ಮಗನಿಗೇ ಮಧ್ಯಮ ಅಂತ ಅಂಕ ಕೊಟ್ಟಿದ್ದಾರೆ, ಅದು ಹೇಳುವಾಗಲೆಲ್ಲ ಅಪ್ಪ ನನ್ನ ಕಡೆಗೇ ನೋಡುತ್ತಿದ್ದ ಅನ್ನೋದು ಬೇರೆ ಮಾತು.

ಸರಿ, ಕೀಲಿ ಕೊಟ್ಟುಬಿಟ್ಟರೆ ಮುಗೀತಾ ಅಂದರೆ ಅಷ್ಟು ಸುಲಭ ಅಲ್ಲ. ನನ್ನ ದೊಡ್ಡ ತಪ್ಪು ಆಮೇಲೆ ಆಯಿತು.

ನೆಲ್ಲಿನ ಮಿಲ್ಲಿನಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ ಹಸಿ ನೋಡುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ನೆಲ್ಲಿನಲ್ಲಿ ತೇವ 17 ಪರ್ಸೆಂಟ್ ದಾಟಬಾರದು. ಚೆನ್ನಾಗಿ ಇಟ್ಟುಕೊಳ್ಳಬೇಕಾದರೆ 14ಕ್ಕೆ ಇಳಿಸಬೇಕು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಮುಗೀತು, ಮಷಿನ್ನಿನಲ್ಲಿ ಕೊಯ್ದ ನೆಲ್ಲು ಹೊಲದಿಂದ ನೇರ ಟ್ರ್ಯಾಕ್ಟರ್ ಹತ್ತಿ ಮಿಲ್ಲಿನ ಗೇಟಿಗೆ ಬಂದು ನಿಲ್ಲುತ್ತದೆ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಮೀಟರಿಗೆ ಹಾಕಿ, ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಡಿದು ಕಟ್ ಅಂತ ಸದ್ದು ಬರುತ್ತೋ ಇಲ್ಲವೋ ನೋಡಿ, 75 ಕೆ.ಜಿ. ಚೀಲಕ್ಕೆ ಇಷ್ಟು ಕಡಿತ ಅಂತ ಚೀಟಿ ಬರೆಯಬೇಕು. ರೈತನಿಗೆ ಅದು ಹೊಟ್ಟೆಪಾಡು, ನಮಗೂ ಅಷ್ಟೇ. ಜಗಳ ಆಗೋದೆಲ್ಲ ಅಲ್ಲೇ.

ಈ ಕೆಲಸವನ್ನು ನಾನೇ ಮಾಡುತ್ತಿದ್ದೆ. ನವೆಂಬರ್ ಡಿಸೆಂಬರ್‌ನಲ್ಲಿ ಮನೆಯವರು ನನ್ನ ಮುಖ ನೋಡುತ್ತಿರಲಿಲ್ಲ. ಆಮೇಲೆ ಒಬ್ಬ ಹುಡುಗನನ್ನು ತಯಾರು ಮಾಡಿದೆ. ಡಿಗ್ರಿ ಮುಗಿಸಿದವನು, ಕೈ ಚುರುಕು, ರೈತರ ಜೊತೆ ಮಾತಾಡಲೂ ಬರುತ್ತದೆ. ಒಂದು ಸುಗ್ಗಿ ಪೂರ್ತಿ ನನ್ನ ಪಕ್ಕ ನಿಲ್ಲಿಸಿಕೊಂಡು ಕಲಿಸಿದೆ. ಮುಂದಿನ ಸುಗ್ಗಿಗೆ, ಇನ್ನು ನೀನೇ ನೋಡಪ್ಪ ಅಂದೆ. ಮೊದಲ ಹತ್ತು ದಿನ ಚೆನ್ನಾಗೇ ನಡೀತು.

ಹನ್ನೊಂದನೆಯ ದಿನ ಅಪ್ಪನ ಕಾಲದಿಂದ ನಮ್ಮ ಮಿಲ್ಲಿಗೇ ನೆಲ್ಲು ಹಾಕುವ ಒಬ್ಬ ಹಿರಿಯರು ಬಂದರು. ಹುಡುಗ ಮೀಟರ್ ಹಾಕಿದ, 18.5 ತೋರಿಸಿತು, ಚೀಲಕ್ಕೆ ಎರಡು ಕೆ.ಜಿ. ಕಡಿತ ಬರೆದ. ಅವರು ಚೀಟಿ ಹಿಡಿದುಕೊಂಡು ಸೀದಾ ನನ್ನ ಆಫೀಸಿಗೆ ಬಂದರು.

"ಏನಪಾ, ನಿನ್ನೆ ಮೊನ್ನೆ ಬಂದ ಹುಡುಗ ನನ್ನ ನೆಲ್ಲು ಹಸಿ ಐತಿ ಅಂತಾನ. ನಿಮ್ಮಪ್ಪ ಇದ್ದಾಗ ಹಿಂಗಿತ್ತೇನು?"

ನಾನು ಏನು ಮಾಡಬೇಕಿತ್ತು? ಎದ್ದು ಹೋಗಿ, ಎಲ್ಲರ ಮುಂದೆ, ನಗುತ್ತಲೇ ಅಂದೆ: "ಹೋಗ್ಲಿ ಬಿಡೋ, ಕಾಕಾರು ನಮ್ಮವ್ರು. ಒಂದ್ ಕೆಜಿ ಹಿಡಿ."

ಹುಡುಗ ಏನೂ ಅನ್ನಲಿಲ್ಲ. ಎರಡನ್ನು ಹೊಡೆದು ಒಂದು ಅಂತ ತಿದ್ದಿ ಸಹಿ ಹಾಕಿದ. ಕಾಕಾರು ಖುಷಿ, ನಾನೂ ಖುಷಿ, ಹಳೇ ಸಂಬಂಧ ಉಳಿಸಿಕೊಂಡೆ ಅಂತ.

ಮರುದಿನದಿಂದ ಶುರುವಾಯಿತು. ಮೊದಲು ಇಬ್ಬರು ಬಂದರು. ಆಮೇಲೆ ಐದು ಜನ. ವಾರದೊಳಗೆ ಚೀಟಿ ಹಿಡಿದವರೆಲ್ಲ ನನ್ನ ಬಾಗಿಲಿಗೇ. ಅವರದೇನು ತಪ್ಪು, ಅಲ್ಲಿ ಹೋದರೆ ಒಂದು ಕೆ.ಜಿ. ಕಡಿಮೆ ಆಗುತ್ತೆ ಅಂತ ಗೊತ್ತಾದ ಮೇಲೆ ಯಾರಾದರೂ ಬಿಡುತ್ತಾರಾ? ಇನ್ನೊಂದು ಕಡೆ ಹುಡುಗ ಬದಲಾದ. ಮೊದಲು ತಾನೇ ಬರೆಯುತ್ತಿದ್ದವನು ಈಗ ಪ್ರತಿ ಟ್ರ್ಯಾಕ್ಟರಿಗೂ ಫೋನ್ ಮಾಡತೊಡಗಿದ. "ಸಾವ್ಕಾರ್ರ, 17.8 ಐತ್ರಿ, ಏನ್ ಬರೀಲಿ?" "ಸಾವ್ಕಾರ್ರ, 16.9 ಐತ್ರಿ, ತಗೊಳ್ಳೇನ್ರಿ?" ಹದಿನೇಳರ ಒಳಗಿದ್ದರೆ ಕೇಳೋದೇನಿದೆ ಮಾರಾಯ ಅಂತ ನಾನು ರೇಗಿದೆ. ಮನೆಗೆ ಬಂದು ಹೆಂಡತಿ ಹತ್ತಿರ ಹೇಳಿದೆ, ಈಗಿನ ಹುಡುಗರಿಗೆ ಜವಾಬ್ದಾರಿ ಅನ್ನೋದೇ ಇಲ್ಲ ಅಂತ.

ಅದು ಯಾಕೆ ಹಾಗಾಯಿತು ಅಂತ ನನಗೆ ತಿಳಿಸಿದ್ದು ಹಮಾಲರ ಮೇಸ್ತ್ರಿ. ತಿಂಗಳು ಕಳೆದ ಮೇಲೆ, ಚಹಾ ಕುಡಿಯುತ್ತಾ, ಯಾವುದೋ ಮಾತಿನ ನಡುವೆ ಅಂದ: "ಆವತ್ತು ಕಾಕಾರ ಮುಂದ ಅವನ ಮಾತು ತೆಗದ್ರಿ. ಇನ್ನ ಅವ ಯಾಕ ತಲಿ ಕೆಡಿಸ್ಕೋತಾನ?" ಅಷ್ಟು ಹೇಳಿ ಲೋಟ ಇಟ್ಟು ಎದ್ದು ಹೋದ.

ಅಂಗಡಿಯವರೇ, ನಿಮ್ಮ ಹುಡುಗರು ಹತ್ತು ಸಲ ಯಾಕೆ ಕೇಳುತ್ತಾರೆ ಅಂತ ಕೇಳಿದ್ದಿರಲ್ಲ. ಒಂಬತ್ತು ಸಲ ಅವರು ತಾವೇ ತೀರ್ಮಾನ ಮಾಡಿದಾಗ ಏನಾಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ನಾವು ಕೆಲಸ ಒಪ್ಪಿಸುತ್ತೇವೆ. ಆ ಕೆಲಸದೊಳಗೆ ಒಂದು ತೀರ್ಮಾನ ಇರುತ್ತಲ್ಲ, ಇಷ್ಟು ಕೊಡಬೇಕು, ಇದನ್ನು ಬೇಡ ಅನ್ನಬೇಕು, ಈಗಲೇ ತರಿಸಬೇಕು ಅನ್ನೋದು, ಅದನ್ನು ಒಪ್ಪಿಸುವುದಿಲ್ಲ. ತೀರ್ಮಾನ ಇಲ್ಲದ ಕೆಲಸ ಬರೀ ಓಡಾಟ. ಓಡಾಟ ಮಾಡುವವನು ಕೇಳದೆ ಇನ್ನೇನು ಮಾಡುತ್ತಾನೆ?

ಆಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಹುಡುಗನನ್ನು ಪಕ್ಕ ಕೂರಿಸಿಕೊಂಡು ಮೊದಲ ಪುಟದಲ್ಲಿ ಇಬ್ಬರೂ ಸೇರಿ ಬರೆದೆವು. 17ರ ತನಕ ಅವನೇ ತಗೋಬೇಕು, ಯಾರನ್ನೂ ಕೇಳೋ ಹಾಗಿಲ್ಲ. 17ರಿಂದ 19ರ ತನಕ ಎಷ್ಟು ಹಸಿಗೆ ಎಷ್ಟು ಕಡಿತ ಅಂತ ಪಟ್ಟಿ ಮಾಡಿದೆವು, ಪಟ್ಟಿ ಪ್ರಕಾರ ಅವನೇ ಬರೆಯಬೇಕು. 19 ದಾಟಿದರೆ ಮಾತ್ರ ನನಗೆ ಫೋನ್, ಅದೂ ಡ್ರೈಯರ್ ಖಾಲಿ ಇದೆಯಾ ಅಂತ ನೋಡಿಕೊಂಡು. ಪಟ್ಟಿ ಮಾಡುವಾಗ ಅವನು ಎರಡು ಕಡೆ ನನ್ನನ್ನೇ ತಿದ್ದಿದ, ಈ ಲೆಕ್ಕದಲ್ಲಿ ರೈತರಿಗೆ ಜಾಸ್ತಿ ಹೊಡೆತ ಬೀಳುತ್ತೆ ಅಂತ. ನಿಜವಾಗಿಯೂ ಬೀಳುತ್ತಿತ್ತು. ಫಿಟ್ಟರ್‌ಗೂ ಒಂದು ಪುಟ. ಸ್ಟೋರ್ ಕೀಲಿ ಅವನ ಹತ್ತಿರ, ಹತ್ತು ಸಾವಿರದ ತನಕದ ಸಾಮಾನು ಅವನೇ ಅಂಗಡಿಯಿಂದ ತರಬಹುದು, ಬಿಲ್ ಅಂಟಿಸಬೇಕು, ಅಷ್ಟೇ.

ಇನ್ನೂ ಒಂದು ಕೆಲಸ ಮಾಡಿದೆ, ಇದು ನೋಟ್‌ಬುಕ್ಕಿಗಿಂತ ಮುಖ್ಯ. ಚಹಾ ಹೊತ್ತಿನಲ್ಲಿ ಎಲ್ಲರನ್ನೂ ಸೇರಿಸಿ, ಹಮಾಲರು, ಡ್ರೈವರ್‌ಗಳು, ವೇಬ್ರಿಡ್ಜ್ ಹುಡುಗ, ಅಲ್ಲಿ ಕಾಯುತ್ತಿದ್ದ ರೈತರು, ಎಲ್ಲರ ಎದುರಿಗೆ ಹೇಳಿದೆ: ಹಸಿ ವಿಷಯ ಇನ್ನು ಇವನದು, ನನ್ನ ಹತ್ತಿರ ಬರಬೇಡಿ. ನಾವು ಒಬ್ಬನಿಗೆ ಅಧಿಕಾರ ಕೊಟ್ಟಿದ್ದು ನಮಗೂ ಅವನಿಗೂ ಮಾತ್ರ ಗೊತ್ತಿದ್ದರೆ ಏನು ಪ್ರಯೋಜನ? ಉಳಿದವರು ಅವನ ಮಾತು ಯಾಕೆ ಕೇಳಬೇಕು?

ಮುಂದಿನ ಸುಗ್ಗಿಗೆ ಕಾಕಾರು ಮತ್ತೆ ಬಂದರು. ಮತ್ತೆ ಹಸಿ, ಮತ್ತೆ ಚೀಟಿ, ಮತ್ತೆ ನನ್ನ ಬಾಗಿಲು. "ಕಾಕಾ, ಅವನ್ನೇ ಕೇಳ್ರಿ" ಅಂದೆ. ಹೇಳುವಾಗ ನನ್ನ ನಾಲಿಗೆ ಒಣಗಿತ್ತು ಅಂದರೆ ನಂಬಿ. ತರಿಸಿದ ಚಹಾ ಕುಡಿಯದೆ ಎದ್ದು ಹೋದರು. ಆ ಲೋಡು ಬೇರೆ ಮಿಲ್ಲಿಗೆ ಹೋಯಿತು. ಈ ಥರ ನಷ್ಟ ಆಗುತ್ತದೆ, ಆಗಲ್ಲ ಅಂತ ಯಾರಾದರೂ ಹೇಳಿದರೆ ಅವರು ಮಿಲ್ಲು ನಡೆಸಿಲ್ಲ.

ತಪ್ಪುಗಳೂ ಆಗುತ್ತವೆ. ಅದೇ ವರ್ಷ ಹುಡುಗ ಅರವತ್ತು ಚೀಲ ತಗೊಂಡ, ಮೀಟರ್ 16 ಚಿಲ್ಲರೆ ತೋರಿಸಿತ್ತು. ಮೂರನೇ ದಿನ ಲಾಟಿನೊಳಗೆ ಕೈ ಹಾಕಿದರೆ ಬಿಸಿ. ಹಸಿ ನೆಲ್ಲು ಒಟ್ಟಿಟ್ಟರೆ ಒಳಗೇ ಕಾವು ಏರುತ್ತದೆ, ಅಕ್ಕಿ ಹಳದಿ ಆಗುತ್ತದೆ, ಪಾಲಿಷ್‌ಗೆ ಹಾಕಿದರೆ ಅರ್ಧ ನುಚ್ಚು. ನಾನು ಶಾಂತವಾಗಿದ್ದೆ ಅಂತ ಸುಳ್ಳು ಹೇಳಲ್ಲ. ಕೂಗಾಡಿದೆ, ರಸ್ತೆಗೆ ಕೇಳಿಸುವಷ್ಟು. ಸಂಜೆ ತಲೆ ತಣ್ಣಗಾದ ಮೇಲೆ ಇಬ್ಬರೂ ಕೂತು ನೋಡಿದೆವು. ಮೀಟರಿನ ಬ್ಯಾಟರಿ ಇಳಿದಿತ್ತು, ಎರಡು ಪಾಯಿಂಟ್ ಕಡಿಮೆ ತೋರಿಸುತ್ತಿತ್ತು. ಆ ಮೀಟರ್ ಕೊಂಡಿದ್ದು ನಾನು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕಾದವನು ನಾನು, ಮಾಡಿಸಿರಲಿಲ್ಲ. ನೋಟ್‌ಬುಕ್ಕಿಗೆ ಇನ್ನೊಂದು ಸಾಲು ಸೇರಿತು: ದಿನಾ ಬೆಳಿಗ್ಗೆ ಒಣಗಿದ ನೆಲ್ಲಿನ ಡಬ್ಬಿ ಇಟ್ಟು ಮೀಟರ್ ಸರಿ ಇದೆಯಾ ನೋಡಬೇಕು. ಬೆಂಗಳೂರಿನ ಖರೀದಿದಾರರು ಫೋನಿನಲ್ಲಿ ಬೈದಾಗ ನಾನೇ ಬೈಸಿಕೊಂಡೆ. ಹುಡುಗ ಮಾಡಿದ ತಪ್ಪು ಅಂತ ನಾಲಿಗೆ ತುದಿಗೆ ಬಂದಿತ್ತು. ಹುಡುಗ ಪಕ್ಕದಲ್ಲೇ ನಿಂತಿದ್ದ, ಅದಕ್ಕೇ ನುಂಗಿಕೊಂಡೆನೋ ಏನೋ.

ಕೊಟ್ಟ ಮೇಲೆ ಪೂರ್ತಿ ಕಣ್ಣು ಮುಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ವಾರಕ್ಕೊಂದು ಸಲ ಶನಿವಾರ ಸಂಜೆ ನೋಟ್‌ಬುಕ್ ನೋಡುತ್ತೇನೆ. ಆದರೆ ನೋಡೋದಕ್ಕೂ ಇಣುಕೋದಕ್ಕೂ ಫರಕ್ಕಿದೆ. ಮಿಲ್ಲಿಗೆ ಸಿಸಿಟಿವಿ ಹಾಕಿಸಿದ ಹೊಸದರಲ್ಲಿ ಕಂಪ್ಲಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಎಲೆ ಮುಂದೆ ಕೂತಿದ್ದೇನೆ, ಕೈಯಲ್ಲಿ ಫೋನು, ಫೋನಿನಲ್ಲಿ ಮಿಲ್ಲು. ಯಾರೋ ಚೀಲದ ಮೇಲೆ ಕೂತಿದ್ದು ಕಂಡಿತು. ಅಲ್ಲಿಂದಲೇ ಫೋನ್ ಮಾಡಿ ಯಾಕೋ ಕೂತಿದೀಯ ಅಂದೆ. ಅವನು, ಊಟದ ಹೊತ್ತು ಸಾವ್ಕಾರ್ರ, ನೀವು ಊಟ ಮಾಡ್ರಿ ಅಂದ. ಪಕ್ಕದ ಎಲೆಯವರು ನಕ್ಕರು. ಬಡಿಸುವವನು ನನ್ನ ಎಲೆ ದಾಟಿ ಹೋಗಿದ್ದ, ಹೋಳಿಗೆ ತಪ್ಪಿತು.

ಇದೆಲ್ಲ ಮಿಲ್ಲಿನ ಮಾತಾಯಿತು. ಆಫೀಸುಗಳಲ್ಲೂ ಇದೇ ಕಥೆ ಅಲ್ವಾ? ಈಚೆಗೆ ಒಂದು ಕಾಗದಕ್ಕಾಗಿ ಒಂದು ಸರ್ಕಾರಿ ಕಚೇರಿಗೆ ಮೂರು ಸಲ ಅಲೆದೆ. ಯಾವುದು ಅಂತ ಬೇಡ. ಕೇಸ್ ವರ್ಕರ್ ಒಳ್ಳೆಯವರು, ಮೊದಲ ದಿನವೇ ಎಲ್ಲ ದಾಖಲೆ ನೋಡಿ, ತಾಳೆ ಹಾಕಿ, ಕಾಗದ ತಯಾರು ಮಾಡಿ ಇಟ್ಟಿದ್ದರು. ಸಹಿ ಒಂದು ಬಾಕಿ. ಸಾಹೇಬರು ಮೀಟಿಂಗ್. ಎರಡನೇ ಸಲ ಹೋದಾಗಲೂ ಮೀಟಿಂಗ್. ಮೂರನೇ ಸಲ ಸಾಹೇಬರು ಸಿಕ್ಕರು, ಒಂದರ ಮೇಲೊಂದು ಇಟ್ಟಿದ್ದ ಕಾಗದಗಳಿಗೆ ಮಾತಾಡುತ್ತಾ ಮಾತಾಡುತ್ತಾ ಸಹಿ ಹಾಕುತ್ತಾ ಹೋದರು. ನನ್ನದನ್ನು ಓದಲಿಲ್ಲ. ನನಗೆ ರಾತ್ರಿ ಎರಡು ಗಂಟೆಗೆ ಕಣ್ಣುಮುಚ್ಚಿ ಕೀಲಿ ಕೊಟ್ಟಿದ್ದು ನೆನಪಾಯಿತು. ಅವರನ್ನು ಬೈಯಲು ನನಗೆ ಬಾಯಿಲ್ಲ.

ನಮ್ಮ ರಾಜ್ಯದಲ್ಲಿ 2012ರ ಏಪ್ರಿಲ್‌ನಿಂದ ಸಕಾಲ ಇದೆ. ಅರ್ಜಿಗೆ ನಂಬರ್ ಕೊಡುತ್ತಾರೆ, ಇಷ್ಟು ದಿನದೊಳಗೆ ಕೊಡಬೇಕು ಅಂತ ಗಡುವು, ಯಾರು ಕೊಡಬೇಕು ಅಂತಲೂ ಬರೆದಿದೆ. ಒಳ್ಳೇದೇ. ಆದರೆ ಗಡುವು ಹಾಕಿದರೆ ಕೆಲಸ ಗಡುವಿನ ಕೊನೇ ದಿನಕ್ಕೆ ಮುಗಿಯುತ್ತದೆ. ಮೊದಲ ದಿನವೇ ಮುಗಿಸಬಲ್ಲ ಗುಮಾಸ್ತೆಯ ಕೈಯಲ್ಲಿ ಕೊನೇ ಮಾತಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ಹತ್ತರಲ್ಲಿ ಒಂಬತ್ತು ಅರ್ಜಿಗಳಿಗೆ ಅದು ಸಾಲದೇ?

ಅಧಿಕಾರ ಬಿಟ್ಟುಕೊಟ್ಟ ದೊಡ್ಡವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳಬರು ನೀರ್ ಸಾಬ್ ಅಂತಲೇ ನೆನೆಸುತ್ತಾರೆ, ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಪಂಚಾಯ್ತಿಗೆ ಮಾಡಿದ್ದು. 1983ರ ಕಾಯ್ದೆ, ಆಮೇಲೆ 1987ರಲ್ಲಿ ಚುನಾವಣೆ ಆಗಿ ಜಿಲ್ಲಾ ಪರಿಷತ್ತುಗಳು ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು, ಡಿಸಿಗಿಂತ ಸೀನಿಯರ್ ಅಧಿಕಾರಿಯನ್ನು ಅವರ ಕೈಕೆಳಗೆ ಇಟ್ಟರು. ಇದನ್ನು ಗಮನಿಸಿ. ಬರೀ ಕೆಲಸದ ಪಟ್ಟಿ ಕೊಟ್ಟು ಸುಮ್ನಾಗಲಿಲ್ಲ. ಕೆಲಸದ ಜೊತೆ ಕುರ್ಚಿ, ಕುರ್ಚಿಯ ಜೊತೆ ಜನ. ಒಬ್ಬ ಮಂತ್ರಿ ತನ್ನ ಇಲಾಖೆಯ ಹಿಡಿತವನ್ನೇ ತಾನಾಗಿ ಕೆಳಗೆ ಇಳಿಸುವುದು ಸಣ್ಣ ಮಾತಲ್ಲ. ಆಮೇಲೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು, ನಮ್ಮಲ್ಲಿ 1993ರ ಕಾಯ್ದೆ ಬಂತು, ಪಂಚಾಯ್ತಿಗಳಿಗೆ ಅಂತ 29 ವಿಷಯದ ಪಟ್ಟಿ ಬಂತು. ಪಟ್ಟಿ ಇದೆ, ಕೀಲಿ ಎಲ್ಲಿದೆ ಅಂತ ಯಾವ ಗ್ರಾಮ ಪಂಚಾಯ್ತಿ ಸದಸ್ಯರನ್ನಾದರೂ ಕೇಳಿ ನೋಡಿ. ಇನ್ನು ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಂತ ಕಾನೂನು ಕೊಟ್ಟಿದ್ದನ್ನು ಎಷ್ಟೋ ಊರಲ್ಲಿ ಗಂಡನೇ ಜೇಬಿಗೆ ಹಾಕಿಕೊಂಡು ಓಡಾಡುತ್ತಾನೆ. ಅದರ ಬಗ್ಗೆ ಇನ್ನೊಂದು ಪತ್ರ ಬರೆಯಬೇಕು, ಇಲ್ಲಿ ಬೇಡ.

ತುಂಗಭದ್ರಾ ಡ್ಯಾಮಿನ ವಿಷಯ ಹೇಳದೆ ಈ ಕಡೆಯವನು ಪತ್ರ ಮುಗಿಸೋದು ಹೇಗೆ? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಹರಿದು ಗೇಟು ಕೊಚ್ಚಿಹೋದಾಗ ಇಲ್ಲಿ ಯಾರೂ ನಿದ್ದೆ ಮಾಡಿಲ್ಲ. ಆ ನೀರು ಎಡದಂಡೆ ನಾಲೆಗೆ ಬಂದರೆ ನೆಲ್ಲು, ನೆಲ್ಲು ಬಂದರೆ ನಮ್ಮ ಮಿಲ್ಲು. ಒಂದು ಗೇಟಿನ ಮೇಲಿನ ಒತ್ತಡ ಇಳಿಸಲು 33 ಗೇಟುಗಳಿಂದಲೂ ತುಂಬಿದ ನೀರನ್ನು ನದಿಗೆ ಬಿಡುತ್ತಿದ್ದರು, ನೋಡೋಕೆ ಹೊಟ್ಟೆ ಉರಿಯುತ್ತಿತ್ತು. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ಗೇಟಿನ ಜಾಗ ಮುಚ್ಚುವ ಕಬ್ಬಿಣದ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನಿಲ್ಲಿಸಿದರು. ಡ್ಯಾಮು ಮತ್ತೆ ತುಂಬಿತು.

ಟಿವಿಯಲ್ಲಿ ಅವರೊಬ್ಬರ ಮುಖವೇ ಜಾಸ್ತಿ ಕಂಡಿತು, ಸರಿಯೇ, ಆ ಮರ್ಯಾದೆ ಅವರಿಗೆ ಸಲ್ಲಬೇಕು. ಆದರೆ ನಾನು ನೋಡುತ್ತಿದ್ದದ್ದು ಬೇರೆ. ಕಬ್ಬಿಣ ಕತ್ತರಿಸಿದವರು ಬೇರೆ, ಬೆಸುಗೆ ಹಾಕಿದವರು ಬೇರೆ, ಕ್ರೇನ್ ನಡೆಸಿದವರು ಬೇರೆ, ಅಷ್ಟು ನೀರಿನ ಮೇಲೆ ನಿಂತು ಕೊಕ್ಕೆ ಬಿಡಿಸಿದವರು ಬೇರೆ. ಎಂಬತ್ತರ ಹತ್ತಿರದ ಹಿರಿಯರು ಕ್ರೇನ್ ಸೀಟಿನಲ್ಲಿ ತಾವೇ ಕೂರಲು ಹೋಗಲಿಲ್ಲ. ಕ್ರೇನಿನವನೂ ಪ್ರತಿ ಇಂಚಿಗೆ ಇಳಿದು ಬಂದು, ಇನ್ನೊಂದು ಇಂಚು ಇಳಿಸಲಾ ಅಂತ ಕೇಳಿಕೊಂಡು ನಿಂತಿದ್ದರೆ ನಾವು ಈಗಲೂ ನೀರು ನೋಡುತ್ತಾ ಕೂತಿರುತ್ತಿದ್ದೆವು.

ಹಾಗಂತ ಎಲ್ಲವನ್ನೂ ಬೇರೆಯವರ ತಲೆಗೆ ಕಟ್ಟುವುದನ್ನೂ ನೋಡಿದ್ದೇನೆ. ಕೆಲವು ಮಾಲೀಕರು ತಮಗೆ ಬೇಡದ್ದನ್ನೆಲ್ಲ ಕೆಳಗೆ ತಳ್ಳಿ, ನಾನು ಹುಡುಗರನ್ನು ಬೆಳೆಸುತ್ತಿದ್ದೇನೆ ಅನ್ನುತ್ತಾರೆ. ಅದೂ ಯಾರ ಮೇಲೆ? ಚೆನ್ನಾಗಿ ದುಡಿಯುವ ಎತ್ತಿನ ಮೇಲೇ ಮತ್ತೆ ಮತ್ತೆ ನೊಗ. ಹಸಿ ನೋಡುವ ಹುಡುಗನಿಗೆ ಆ ಕೆಲಸ ಕೊಟ್ಟಾಗ ಅವನು ಮಾಡುತ್ತಿದ್ದ ಬಿಲ್ ಬರೆಯುವ ಕೆಲಸ ತೆಗೆಯಬೇಕು ಅಂತ ನನಗೆ ಹೊಳೆದಿರಲಿಲ್ಲ. ರಾತ್ರಿ ಹತ್ತಕ್ಕೆ ಕೂತು ಬಿಲ್ ಬರೆಯುತ್ತಿದ್ದ. ಅವನಾಗಿ ಹೇಳಲಿಲ್ಲ, ಅವನ ತಾಯಿ ಬಂದು ಹೇಳಿದರು: "ನನ ಮಗಾ ಉಣ್ಣಾಕ ಮನಿಗೆ ಬರವಲ್ಲ ಸಾವ್ಕಾರ್ರ." ಬಿಲ್ಲಿಗೆ ಬೇರೆಯವರನ್ನು ಇಟ್ಟೆ, ಸಂಬಳ ಏರಿಸಿದೆ. ತಡವಾಗಿ ಅನ್ನೋದು ಗೊತ್ತು.

ಕೆಲವನ್ನು ಕೊಡಬಾರದು ಕೂಡ. ಬಾಯ್ಲರನ್ನು ಸರ್ಟಿಫಿಕೇಟ್ ಇದ್ದವನೇ ನೋಡಬೇಕು, ಅವನು ಬರದ ದಿನ ಯಾರೋ ಒಬ್ಬನನ್ನು ನಿಲ್ಲಿಸಿ ನಡೆಸೋ ಹಾಗಿಲ್ಲ, ಅವತ್ತು ಮಿಲ್ಲು ಬಂದ್. ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ಎದುರಿಗೆ ಕೂರಿಸಿಕೊಂಡು ನಾನೇ ಹೇಳಬೇಕು, ಮೇಸ್ತ್ರಿ ಕೈಯಲ್ಲಿ ಹೇಳಿಸಬಾರದು. ಹಮಾಲಿ ದರದ ಮಾತುಕತೆಗೂ ನಾನೇ ಹೋಗುತ್ತೇನೆ. ಬೈಸಿಕೊಳ್ಳುವ ಕೆಲಸವಂತೂ ನನ್ನದೇ.

ಕೊನೆಗೆ ಒಂದು ಹಳೇ ಮಾತು. ಮಂತ್ರಾಲಯದ ಕಥೆಯಲ್ಲಿ ಬರುತ್ತಾನಲ್ಲ ಮನ್ರೋ ಸಾಹೇಬ, 1800ರಲ್ಲಿ ನಿಜಾಮ ಹೊಳೆಯಾಚೆಯ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಬಳ್ಳಾರಿ, ಅನಂತಪುರ, ಕಡಪ ಕಡೆಗೆಲ್ಲ ದೊಡ್ಡ ಕಲೆಕ್ಟರ್ ಆಗಿ ಬಂದವನು. ಕೈಕೆಳಗೆ ನಾಲ್ವರು ಸಬ್ ಕಲೆಕ್ಟರ್‌ಗಳು, 1807ರ ತನಕ ಅಲ್ಲಿದ್ದ. ಕಂಪನಿಯವನೇ, ಕಂದಾಯ ವಸೂಲಿಗೇ ಬಂದವನು, ಹೊಗಳಲು ಹೊರಟಿಲ್ಲ. ಆದರೆ ಮದರಾಸಿನ ಗವರ್ನರ್ ಆದ ಮೇಲೆ 1824ರ ಕೊನೆಗೆ ಅವನು ಬರೆದಿಟ್ಟ ದೊಡ್ಡ ಟಿಪ್ಪಣಿಯಲ್ಲಿ ಒಂದು ವಾದ ಇದೆ. ಇಲ್ಲಿನ ಜನಕ್ಕೆ ಯೋಗ್ಯತೆ ಸಾಲದು ಅಂತ ನಾವು ಹೇಳುತ್ತೇವೆ, ಆದರೆ ಜವಾಬ್ದಾರಿಯ ಹುದ್ದೆ ಒಂದನ್ನೂ ಅವರಿಗೆ ಕೊಡದೆ ಆ ಯೋಗ್ಯತೆ ಎಲ್ಲಿಂದ ಬರಬೇಕು ಅನ್ನುವ ಅರ್ಥದ ಮಾತು. ಇನ್ನೂರು ವರ್ಷ ಆಯಿತು. ಆಗ ಬಿಳಿಯರು ನಮ್ಮ ಬಗ್ಗೆ ಹೇಳುತ್ತಿದ್ದದ್ದನ್ನು ಈಗ ನಾವು ನಮ್ಮ ಹುಡುಗರ ಬಗ್ಗೆ ಹೇಳುತ್ತಿದ್ದೇವೆ.

ಅಂಗಡಿಯವರು ತಪ್ಪು ತಿಳಿಯಬಾರದು. ಮೊನ್ನೆ ಕೂಡ ನಮ್ಮ ಹುಡುಗ ಒಂದು ಲೋಡ್ ವಾಪಸ್ ಕಳಿಸಿದ. ನಾನಾಗಿದ್ದರೆ ತಗೋತಿದ್ದೆ. ಆಫೀಸಿನ ಕಿಟಕಿಯಿಂದ ಟ್ರ್ಯಾಕ್ಟರ್ ತಿರುಗೋದು ನೋಡುತ್ತಾ ಕೂತೆ, ಎರಡು ಸಲ ಎದ್ದು ಮತ್ತೆ ಕೂತೆ. ಅವನದು ಸರಿಯೋ ನನ್ನದು ಸರಿಯೋ ಇನ್ನೂ ಗೊತ್ತಾಗಿಲ್ಲ, ಶನಿವಾರ ಕೇಳಬೇಕು.

ನಿಮ್ಮ ಎಂಟೆಕರೆ ನೆಲ್ಲು ಕೊಯ್ಲಿಗೆ ಬಂದಾಗ ಒಂದು ಸಲ ನಮ್ಮ ಮಿಲ್ಲಿನ ಕಡೆ ಬನ್ನಿ. ಚಹಾ ನಾನು ಕೊಡುತ್ತೇನೆ. ಹಸಿ ಎಷ್ಟು ಅಂತ ಮಾತ್ರ ಅವನನ್ನೇ ಕೇಳಿ.

ಇಂತಿ ನಿಮ್ಮ ಓದುಗ,
ಗಂಗಾವತಿಯ ಒಬ್ಬ ರೈಸ್ ಮಿಲ್ಲಿನವನು,
ಕೊಪ್ಪಳ ಜಿಲ್ಲೆ